12345654321: ಆರು ಒಂದುಗಳನ್ನು ಗುಣಿಸಿದರೆ ಮೆಟ್ಟಿಲು ಯಾಕೆ ಬರುತ್ತದೆ?

ಅಂಗಡಿ ಲೆಕ್ಕ

ನಮ್ಮದೊಂದು ಸಣ್ಣ ದಿನಸಿ ಅಂಗಡಿ. ಸಂಜೆ ಮಗಳು ಬಂದು ಗಲ್ಲಾ ಪಕ್ಕ ಕೂತಳು ಅಂದರೆ ಕ್ಯಾಲ್ಕುಲೇಟರ್ ನನ್ನ ಕೈಗೆ ಸಿಗುವುದಿಲ್ಲ. ಆರನೇ ಕ್ಲಾಸು. ನಿನ್ನೆ ಸುಮ್ನೆ 11 × 11 ಒತ್ತಿದಳು, 121 ಬಂತು. 111 × 111 ಒತ್ತಿದಳು, 12321. ಅಷ್ಟೇ, ಆಮೇಲೆ ಬಿಡಲೇ ಇಲ್ಲ. ನಾಲ್ಕು ಒಂದಕ್ಕೆ 1234321, ಐದಕ್ಕೆ 123454321, ಆರಕ್ಕೆ 12345654321. ಏಳು ಒಂದು ಹಾಕಿದ ಕೂಡಲೇ ಮೂಲೆಯಲ್ಲಿ ಇಂಗ್ಲಿಷಿನ ‘ಇ’ ಬಂದು ಕೂತಿತು. ನಮ್ಮದು 12 ಅಂಕಿಯ ಮಷೀನು, ಉತ್ತರಕ್ಕೆ 13 ಮನೆ ಬೇಕು ಅಂತ ಕಾಣುತ್ತದೆ.

ಯಾಕೆ ಹೀಗೆ ಬರುತ್ತೆ, ಎಲ್ಲಿವರೆಗೆ ಹೀಗೇ ಬರುತ್ತೆ ಅಂತ ಅವಳ ಪ್ರಶ್ನೆ. ನಾನು ಕಾಮರ್ಸ್ ಓದಿದವನು, ಜಿಎಸ್‌ಟಿ ಬೇಕಾದರೆ ಹೇಳುತ್ತೇನೆ, ಇದು ಗೊತ್ತಿಲ್ಲ. ಯಾರಾದರೂ ಮಕ್ಕಳಿಗೆ ತಿಳಿಯುವ ಹಾಗೆ ಹೇಳಿ. 12345654321 ಅನ್ನೋ ಆ ನಂಬರಿನಲ್ಲಿ ಬೇರೆ ಏನಾದರೂ ಇದೆಯಾ ಅಂತಲೂ ಕೇಳುತ್ತಿದ್ದಾಳೆ.

ಕೋಡುಬಳೆ

ವಿಕಟಕವಿ ನಂಬರು! ಎಡದಿಂದ ಓದಿದರೂ ಅದೇ, ಬಲದಿಂದ ಓದಿದರೂ ಅದೇ. ಅಂಕಿಗಳನ್ನೆಲ್ಲ ಕೂಡಿ ನೋಡಿ, 36 ಬರುತ್ತದೆ. ಅಂದರೆ 6 × 6. ಆರು ಒಂದರಿಂದ ಬಂದದ್ದಕ್ಕೆ ಆರರ ವರ್ಗ. ಇದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ.

ನಿವೃತ್ತ ಮೇಷ್ಟ್ರು

ಮಗುವಿನ ಕೈಯಿಂದ ಕ್ಯಾಲ್ಕುಲೇಟರ್ ತೆಗೆದಿಟ್ಟು ಚೌಕುಳಿ ಪುಸ್ತಕ ಕೊಡಿ. ಒಂದು ಚೌಕಕ್ಕೆ ಒಂದೇ ಅಂಕಿ. 111111 × 111111 ಅನ್ನು ಹಳೇ ಪದ್ಧತಿಯಲ್ಲಿ ಬರೆದು ಗುಣಿಸಲಿ. ಒಂದರಿಂದ ಗುಣಿಸುವುದರಲ್ಲಿ ಕೆಲಸವೇ ಇಲ್ಲ, ಪ್ರತಿ ಸಾಲೂ 111111 ತಾನೇ? ಇರುವ ಕೆಲಸ ಒಂದೇ. ಪ್ರತಿ ಸಾಲು ಕೆಳಗೆ ಇಳಿದಾಗ ಒಂದು ಮನೆ ಎಡಕ್ಕೆ ಜರುಗಬೇಕು. ಹೀಗೆ ಆರು ಸಾಲು ಬರುತ್ತವೆ.

ಈಗ ಕೂಡುವ ಮೊದಲು ಮೇಲಿನಿಂದ ಕೆಳಕ್ಕೆ ನೋಡಿ, ಯಾವ ಕಂಬದಲ್ಲಿ ಎಷ್ಟು ಒಂದುಗಳಿವೆ ಅಂತ. ಬಲತುದಿಯ ಕಂಬದಲ್ಲಿ ಮೊದಲ ಸಾಲಿನ 1 ಮಾತ್ರ. ಅದರ ಪಕ್ಕದಲ್ಲಿ ಮೊದಲ ಎರಡು ಸಾಲುಗಳವು, ಎರಡು. ಆಮೇಲೆ ಮೂರು, ನಾಲ್ಕು, ಐದು. ಬಲದಿಂದ ಆರನೇ ಕಂಬಕ್ಕೆ ಬಂದಾಗ ಆರೂ ಸಾಲುಗಳು ಸೇರುತ್ತವೆ. ಅದರಿಂದಾಚೆಗೆ ಮೊದಲ ಸಾಲು ಮುಗಿದುಹೋಗಿರುತ್ತದೆ, ಹಾಗಾಗಿ ಐದು. ಮುಂದಿನದರಲ್ಲಿ ಎರಡನೇ ಸಾಲೂ ಇಲ್ಲ, ನಾಲ್ಕು. ಕೊನೆಗೆ ಎಡತುದಿಯಲ್ಲಿ ಆರನೇ ಸಾಲಿನ ಒಂದೇ 1. ಅಷ್ಟೇ ಗುಟ್ಟು. ಉತ್ತರದ ಒಂದೊಂದು ಅಂಕಿಯೂ ಆ ಕಂಬದಲ್ಲಿ ಎಷ್ಟು ಒಂದುಗಳಿವೆ ಅನ್ನುವ ಎಣಿಕೆ.

ಕೋಡುಬಳೆಯವರು ಕೈಬಿಟ್ಟ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಆರು ಸಾಲು, ಸಾಲಿಗೆ ಆರು ಒಂದು, ಒಟ್ಟು 36 ಒಂದುಗಳು. ಎಲ್ಲೂ ದಶಕ ಬರಲಿಲ್ಲ, ಅಂದರೆ ಒಂದೂ ಕಳೆದುಹೋಗಲಿಲ್ಲ. ಅದಕ್ಕೇ ಅಂಕಿಗಳ ಮೊತ್ತ 36.

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ದಶಕ ಅನ್ನುವುದು ಮಕ್ಕಳಿಗೆ ತಲೆನೋವು ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ದಶಕ ಇಲ್ಲದಿದ್ದಾಗ ಲೆಕ್ಕ ಎಷ್ಟು ಪಾರದರ್ಶಕ ಅಂತ ತೋರಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಜಾವಾ ಮಾವ

ಮೇಷ್ಟ್ರೇ, ಬ್ರೌಸರ್‌ನಲ್ಲಿ ಒಂದು ಲೈನ್ ಕೋಡ್ ಬರೆದು ಮುಂದಿನದನ್ನೂ ನೋಡಿದೆ. ಏಳು, ಎಂಟು ಸರಿ ಬಂತು. ಒಂಬತ್ತು ಒಂದಕ್ಕೆ 12345678987654320 ಬಂತು. ಕೊನೆಗೆ ಸೊನ್ನೆ. ಹಾಗಾದರೆ ಆಟ ಎಂಟಕ್ಕೇ ಮುಗಿಯಿತು ಅಲ್ವಾ?

ಶೂನ್ಯ ಸಂಪಾದಕಿ

ಮಾವ, ಕಂಪ್ಯೂಟರ್ ಹೇಳಿದ್ದೆಲ್ಲ ನಂಬಬೇಡಿ. ಒಂದರಲ್ಲಿ ಮುಗಿಯುವ ಸಂಖ್ಯೆಯನ್ನು ಒಂದರಲ್ಲಿ ಮುಗಿಯುವ ಸಂಖ್ಯೆಯಿಂದ ಗುಣಿಸಿದರೆ ಕೊನೆಗೆ ಸೊನ್ನೆ ಹೇಗೆ ಬರುತ್ತದೆ? ಸರಿಯಾದ ಉತ್ತರ 12345678987654321.

ಬ್ರೌಸರ್‌ನಲ್ಲಿ ನಡೆಯುವ ಜಾವಾಸ್ಕ್ರಿಪ್ಟ್ ಭಾಷೆ ಸಾಮಾನ್ಯ ಸಂಖ್ಯೆಗಳನ್ನು 53 ಬಿಟ್‌ಗಳಷ್ಟು (0, 1 ಮಾತ್ರ ಕೂರುವ 53 ಮನೆಗಳಷ್ಟು) ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 2ರ 53ನೇ ಘಾತ ಅಂದರೆ 9007199254740992. ಅದು ದಾಟಿದ ಮೇಲೆ ಸ್ವಲ್ಪ ದೂರದವರೆಗೆ ಅದರ ಕೈಲಿ ಸಮಸಂಖ್ಯೆ ಮಾತ್ರ ಬರೆಯಲಾಗುತ್ತದೆ. 321 ಬೆಸ, ಹಾಗಾಗಿ ಪಕ್ಕದ 320ಕ್ಕೆ ಜರುಗಿಸಿಬಿಟ್ಟಿದೆ. ಎಕ್ಸೆಲ್ ಇನ್ನೂ ಮೋಸ, 15 ಅಂಕಿ ಇಟ್ಟುಕೊಂಡು ಮಿಕ್ಕಿದ್ದಕ್ಕೆ ಸೊನ್ನೆ ತುಂಬುತ್ತದೆ, ಇದೇ ಲೆಕ್ಕಕ್ಕೆ 12345678987654300 ತೋರಿಸುತ್ತದೆ. ಪೈಥಾನ್‌ನಲ್ಲಿ ಹಾಕಿ ನೋಡಿ, ಪೂರ್ತಿ ಬರುತ್ತದೆ.

ಜಾವಾ ಮಾವ

ಹದಿನೈದು ವರ್ಷ ಕೋಡ್ ಬರೆದ ಮೇಲೆ ಆರನೇ ಕ್ಲಾಸಿನ ಲೆಕ್ಕದಲ್ಲಿ ಸಿಕ್ಕಿಬಿದ್ದೆ. ಒಪ್ಪಿದೆ.

ಅಂಗಡಿ ಲೆಕ್ಕ

ಮೇಷ್ಟ್ರು ಹೇಳಿದ ಹಾಗೆ ಮಾಡಿಸಿದೆ. ಚೌಕುಳಿ ಪುಸ್ತಕ ಇರಲಿಲ್ಲ, ಬಿಲ್ ಪುಸ್ತಕದ ಹಿಂಭಾಗದಲ್ಲಿ ಗೆರೆ ಎಳೆದುಕೊಂಡಳು. ಆರು ಸಾಲು ಓರೆಯಾಗಿ ಜರುಗಿದ್ದು ನೋಡಿ “ಇದು ಮಂಚದ ಮೇಲಿಂದ ಜಾರಿದ ಚಾಪೆ ತರ ಇದೆ” ಅಂದಳು. ಕಂಬ ಎಣಿಸಿ ತಾನೇ ಉತ್ತರ ಬರೆದಳು. ಆಮೇಲೆ ತಕ್ಷಣ, “ಹಾಗಾದರೆ ಹತ್ತು ಒಂದು ಹಾಕಿದರೆ ನಡುವೆ 10 ಬರುತ್ತೆ, ಅದನ್ನು ಒಂದೇ ಮನೇಲಿ ಹೆಂಗೆ ಕೂರಿಸೋದು?”

ನಿವೃತ್ತ ಮೇಷ್ಟ್ರು

ನಾನು ಹೇಳಬೇಕಾದ್ದನ್ನು ಅವಳೇ ಹೇಳಿಬಿಟ್ಟಳು. ಕೂರಿಸಲು ಆಗುವುದಿಲ್ಲ. ಅಲ್ಲೇ ಮೆಟ್ಟಿಲು ಮುರಿಯುತ್ತದೆ.

ಬಲದಿಂದ ಶುರು ಮಾಡಿ. 1, 2, 3 ಅಂತ 9ರವರೆಗೆ ಸರಾಗ. ಹತ್ತನೇ ಕಂಬದಲ್ಲಿ 10. ಸೊನ್ನೆ ಬರೆದು ದಶಕ 1. ಅದರ ಎಡಕ್ಕೆ 9 ಇತ್ತು, ದಶಕ ಸೇರಿ ಅದೂ 10, ಮತ್ತೆ ಸೊನ್ನೆ, ಮತ್ತೆ ದಶಕ 1. ಅದರಾಚೆ 8 ಇತ್ತು, 9 ಆಯಿತು. ಅಲ್ಲಿಗೆ ದಶಕ ನಿಂತಿತು. ಮುಂದೆ 7, 6, 5, 4, 3, 2, 1. ಒಟ್ಟು 1234567900987654321. ಎಡಗಡೆ ಏರುವಾಗ 7 ಆದ ಮೇಲೆ ನೇರ 9, ನಡುವಿನ 8 ಮಾಯ.

ಈ 8 ಮಾಯವಾಗುವುದನ್ನು ಇನ್ನೊಂದು ಕಡೆಯೂ ನೋಡಬಹುದು. 1ನ್ನು 81ರಿಂದ ಭಾಗಿಸಿ. 0.012345679012345679 ಅಂತ ಕೊನೆಯಿಲ್ಲದೆ ಹೋಗುತ್ತದೆ. ಅಲ್ಲೂ 8 ಇಲ್ಲ. ಯಾಕೆಂದರೆ 1/9 ಅಂದರೆ 0.1111…, ಅದರ ವರ್ಗವೇ 1/81. ಕೊನೆಯಿಲ್ಲದಷ್ಟು ಒಂದುಗಳನ್ನು ಗುಣಿಸಿದ ಹಾಗೆ, ಅದೇ ದಶಕ, ಅದೇ 8ರ ಕಳವು.

ಮೊಂಡುವಾದಿ

ಎಲ್ಲರೂ ಬೇಜಾರಾಗಬೇಡಿ, ಆದರೆ ಇದರಲ್ಲಿ ಸಂಖ್ಯೆಯ ಗುಣ ಏನಿದೆ? ನಮಗೆ ಹತ್ತು ಬೆರಳಿದ್ದಾವೆ, ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ, ಅದಕ್ಕೆ ಈ ಚಂದ. ಇಷ್ಟೇ ಕಾಳನ್ನು ರಾಶಿ ಹಾಕಿದರೆ ಆ ರಾಶಿಯಲ್ಲಿ ಮೆಟ್ಟಿಲು ಕಾಣುತ್ತದಾ? ಬರವಣಿಗೆಯ ಗುಣವನ್ನು ಸಂಖ್ಯೆಗೆ ಅಂಟಿಸುತ್ತಿದ್ದೀರಿ.

ಶೂನ್ಯ ಸಂಪಾದಕಿ

ಅರ್ಧ ಸರಿ, ಅರ್ಧ ತಪ್ಪು. ಮೊದಲು ಸರಿ ಇರುವ ಅರ್ಧ ಹೇಳುತ್ತೇನೆ.

ಮೆಟ್ಟಿಲಿನ ಆಕಾರ ಬರವಣಿಗೆಯದೇ. ಆದರೆ ಹತ್ತರ ಪದ್ಧತಿಗೆ ಮಾತ್ರ ಸೇರಿದ್ದಲ್ಲ. ಏಳರ ಪದ್ಧತಿಯಲ್ಲಿ ಲೆಕ್ಕ ಮಾಡುವ ಜನ ಇದ್ದಾರೆ ಅಂತ ಇಟ್ಟುಕೊಳ್ಳಿ, ಅವರ ಹತ್ತಿರ 0ಯಿಂದ 6ರವರೆಗಿನ ಅಂಕಿಗಳು ಮಾತ್ರ. ಅವರು 111111 ಅಂತ ಬರೆದರೆ ಅದು ನಮ್ಮ 19608 (1 + 7 + 49 + 343 + 2401 + 16807, ಕೂಡಿ ನೋಡಿ). ಅದರ ವರ್ಗ ನಮಗೆ 384473664, ನೋಡಲು ಏನೂ ವಿಶೇಷ ಇಲ್ಲ. ಅವರು ಅದನ್ನೇ ಬರೆದರೆ 12345654321! ನಡುವಿನ ಕಂಬದ 6 ಅವರ ಅತಿ ದೊಡ್ಡ ಅಂಕಿ, ಕೂದಲೆಳೆಯಲ್ಲಿ ಪಾರಾಗುತ್ತದೆ. ಆರರ ಪದ್ಧತಿಯವರಿಗೆ ಮಾತ್ರ ಈ ಭಾಗ್ಯ ಇಲ್ಲ, 6 ಬಂದ ಕೂಡಲೇ ದಶಕ. ಅಂದರೆ ಏಳು ಮತ್ತು ಅದಕ್ಕಿಂತ ಮೇಲಿನ ಎಲ್ಲ ಪದ್ಧತಿಗಳಲ್ಲೂ ಈ ಮೆಟ್ಟಿಲು ಇದೆ, ಮತ್ತು ಪ್ರತಿಯೊಂದರಲ್ಲೂ ಅದು ಪೂರ್ಣ ವರ್ಗ.

ಈಗ ತಪ್ಪು ಇರುವ ಅರ್ಧ. ಕಾಳಿನ ರಾಶಿ ಅಂದಿರಲ್ಲ, ಆ ರಾಶಿಯನ್ನು ಸಾಲಿಗೆ 111111 ಕಾಳಿನಂತೆ 111111 ಸಾಲು ಇಡಬಹುದು. ನೀವು ಯಾವ ಪದ್ಧತಿಯಲ್ಲಿ ಬರೆದರೂ, ಬರೆಯದೇ ಇದ್ದರೂ. ಏಳು ಪಾಲು ಮಾಡಿದರೂ ಒಂದು ಕಾಳೂ ಮಿಗುವುದಿಲ್ಲ, ಹದಿಮೂರು ಪಾಲು ಮಾಡಿದರೂ ಅಷ್ಟೇ. ಅದು ಸಂಖ್ಯೆಯದ್ದೇ ಗುಣ.

ಮೊಂಡುವಾದಿ

ಏಳರ ಪದ್ಧತಿಯದ್ದು ಕಾಗದದ ಮೇಲೆ ಮಾಡಿ ನೋಡಿದೆ, ಬಂತು. ಅರ್ಧ ಹಿಂತೆಗೆದುಕೊಂಡೆ. ಆದರೆ 7, 13 ಎಲ್ಲಿಂದ ಬಂದವು? 111111 ನೋಡಿದರೆ ಅವು ಕಾಣುವುದೇ ಇಲ್ಲವಲ್ಲ.

ಶೂನ್ಯ ಸಂಪಾದಕಿ

111111 ಅಂದರೆ 111 ಎರಡು ಸಲ ಪಕ್ಕಪಕ್ಕ. ಯಾವುದೇ ಮೂರಂಕಿ ಸಂಖ್ಯೆಯನ್ನು ಎರಡು ಸಲ ಬರೆದರೆ ಅದು 1001ರಿಂದ ಗುಣಿಸಿದ ಹಾಗೆ (ನಿಮ್ಮ ಇಷ್ಟದ್ದು ತೆಗೆದುಕೊಳ್ಳಿ, 528528 = 528 × 1001). ಈ 1001ರ ಹೊಟ್ಟೆಯಲ್ಲಿ ಅಡಗಿರುವವರು 7, 11, 13. ಆಕಡೆ 111 ಅಂದರೆ 3 × 37. ಹಾಗಾಗಿ

111111 = 3 × 7 × 11 × 13 × 37

ಐದು ಬೇರೆ ಬೇರೆ ಅವಿಭಾಜ್ಯಗಳು, ಒಂದೊಂದು ಒಂದೇ ಸಲ. ವರ್ಗದಲ್ಲಿ ಒಂದೊಂದೂ ಎರಡು ಸಲ. ಈಗ 12345654321ನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಪ್ರತಿ ಅವಿಭಾಜ್ಯವನ್ನೂ ಬಿಡಬಹುದು, ಒಮ್ಮೆ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರು ದಾರಿ, ಐದು ಸಲ: 3 × 3 × 3 × 3 × 3 = 243. ಬೆಸ ಸಂಖ್ಯೆ ಬಂದದ್ದು ಗಮನಿಸಿ, ಪೂರ್ಣ ವರ್ಗಗಳಿಗೆ ಮಾತ್ರ ಹೀಗಾಗುವುದು. ಭಾಜಕಗಳು ಜೋಡಿ ಜೋಡಿಯಾಗಿ ಬರುತ್ತವೆ, ವರ್ಗಮೂಲ ಒಂದೇ ಜೋಡಿಯಿಲ್ಲದೆ ಉಳಿಯುತ್ತದೆ.

ಕೈಲೆಕ್ಕದಲ್ಲಿ ಪರೀಕ್ಷೆ ಮಾಡಬೇಕಾ? ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ: 12, 345, 654, 321. ಒಂದು ಬಿಟ್ಟು ಒಂದು ಕಳೆಯಿರಿ: 321 − 654 + 345 − 12 = 0. ಸೊನ್ನೆ ಬಂದರೆ 1001ರಿಂದ ಭಾಗವಾಗುತ್ತದೆ, ಅಂದರೆ 7, 11, 13 ಮೂರರಿಂದಲೂ ಒಂದೇ ಏಟಿಗೆ. ಅದೇ ಗುಂಪುಗಳನ್ನು ಕೂಡಿ, 1332. ಅದು 37 × 36, ಹಾಗಾಗಿ ಸಂಖ್ಯೆಯೂ 37ರಿಂದ, 3ರಿಂದ ಭಾಗವಾಗುತ್ತದೆ. ಮುಗೀತು.

ಕೋಡುಬಳೆ

11ರದ್ದು ನನಗೂ ಗೊತ್ತು! ವಿಕಟಕವಿ ಸಂಖ್ಯೆಗಳೆಲ್ಲ 11ರಿಂದ ಭಾಗವಾಗುತ್ತವೆ.

ನಿವೃತ್ತ ಮೇಷ್ಟ್ರು

ಇಲ್ಲಪ್ಪ. 131 ವಿಕಟಕವಿ, ಆದರೆ ಅವಿಭಾಜ್ಯ. ಅಂಕಿಗಳು ಸಮ ಸಂಖ್ಯೆಯಲ್ಲಿದ್ದರೆ ಮಾತ್ರ ನಿಮ್ಮ ಮಾತು ಸರಿ: 1221, 456654, ಇಂಥವು. ಇಲ್ಲಿ 11 ಅಂಕಿ ಇದ್ದೂ ಭಾಗವಾಗುವುದು ಅದರ ಹೊಟ್ಟೆಯಲ್ಲಿ 11 ಇರುವುದರಿಂದ, ವಿಕಟಕವಿ ಆಗಿರುವುದರಿಂದಲ್ಲ.

ಕಾಗಿಣಾ ದಂಡಿ

ಇಷ್ಟೊತ್ತು ಸುಮ್ಮನೆ ಓದುತ್ತಿದ್ದೆ. ಈ ನಂಬರಿಗೆ ನಮ್ಮ ಕಡೆಯ ಸಂಬಂಧ ಇದೆ ನೋಡ್ರಿ, ಯಾರೂ ಹೇಳಲಿಲ್ಲ.

ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ, ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳಿದ 9ನೇ ಶತಮಾನದಲ್ಲಿ ಮಹಾವೀರಾಚಾರ್ಯ ಅಂತ ಜೈನ ಗಣಿತಜ್ಞ ಇದ್ದರು. 850ರ ಆಸುಪಾಸಿನಲ್ಲಿ ಅವರು ಬರೆದ ‘ಗಣಿತಸಾರಸಂಗ್ರಹ’ದ ಶುರುವಿನಲ್ಲೇ ಅಮೋಘವರ್ಷನ ಹೊಗಳಿಕೆ ಇದೆ. ಗ್ರಂಥ ಸಂಸ್ಕೃತದ ಪದ್ಯಗಳಲ್ಲಿದೆ. 1912ರಲ್ಲಿ ರಂಗಾಚಾರ್ಯರು ಮದ್ರಾಸಿನಿಂದ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು.

ಅದರಲ್ಲಿ ಈ 12345654321 ಇದೆ. ಪದ್ಯದಲ್ಲಿ ಇಷ್ಟುದ್ದದ ಸಂಖ್ಯೆ ಹೇಳುವುದು ಕಷ್ಟ ಅಲ್ವಾ? ಒಂದರಿಂದ ಶುರುವಾಗಿ ಆರರವರೆಗೆ ಹೋಗಿ ಮತ್ತೆ ಕ್ರಮವಾಗಿ ಇಳಿಯುವಂಥದ್ದು ಅಂತ ಅವರು ಅದನ್ನು ಬಣ್ಣಿಸುತ್ತಾರೆ. ಅಂದರೆ ನಿಮ್ಮ ಮಗಳು ಕ್ಯಾಲ್ಕುಲೇಟರಿನಲ್ಲಿ ಕಂಡ ಮೆಟ್ಟಿಲು ಅವರಿಗೂ ಕಂಡಿತ್ತು. ಗುಣಾಕಾರ ಮಾತ್ರ ಬೇರೆ:

27994681 × 441 = 12345654321

ಇಂಥವು ಇನ್ನೂ ಇವೆ. 139 × 109 = 15151. 152207 × 73 = 11111111. 12345679 × 9 = 111111111. 142857143 × 7 = 1000000001. 333333666667 × 33 = 11000011000011. ಉತ್ತರ ಎರಡೂ ಕಡೆಯಿಂದ ಒಂದೇ ಥರ, ಮುತ್ತು ಪೋಣಿಸಿದಂತೆ. ಅವರೇ ಇವನ್ನು ಕೊರಳ ಹಾರಕ್ಕೆ ಹೋಲಿಸುತ್ತಾರೆ. ಮೇಷ್ಟ್ರು ಹೇಳಿದ 8 ಇಲ್ಲದ 12345679 ಇಲ್ಲೂ ಇರುವುದು ನೋಡಿದಿರಾ?

ಸ್ಥಾನಗಳ ಹೆಸರು ಅವರು 24ರವರೆಗೆ ಕೊಡುತ್ತಾರೆ. ಕೋಟಿ, ದಶಕೋಟಿ, ಶತಕೋಟಿ, ಆಮೇಲೆ ಅರ್ಬುದ. ನಮ್ಮ ಈ ಸಂಖ್ಯೆಯ ಎಡತುದಿಯ 1 ಕೂತಿರುವುದು ಅರ್ಬುದದ ಮನೆಯಲ್ಲಿ. ಈಗಿನ ಲೆಕ್ಕದಲ್ಲಿ 1234 ಕೋಟಿ 56 ಲಕ್ಷ 54 ಸಾವಿರದ 321.

ಮೊಂಡುವಾದಿ

ಇದು ಚೆನ್ನಾಗಿದೆ. ಆದರೆ 27994681 ಅಂತ ವಿಕಾರವಾದ ಸಂಖ್ಯೆ ಅವರಿಗೆ ಎಲ್ಲಿಂದ ಸಿಕ್ಕಿತು? ಯಾರೂ ಸುಮ್ನೆ ಕೂತು ಅದನ್ನು ಊಹಿಸಲ್ಲ.

ಶೂನ್ಯ ಸಂಪಾದಕಿ

ಮೇಲಿನ ಐದು ಅವಿಭಾಜ್ಯಗಳನ್ನು ಎರಡು ಬುಟ್ಟಿಗೆ ಹಂಚಿ. 3 × 7 = 21 ಒಂದು ಬುಟ್ಟಿ. 11 × 13 × 37 = 5291 ಇನ್ನೊಂದು. 21ರ ವರ್ಗ 441. 5291ರ ವರ್ಗ 27994681. ಎರಡನ್ನೂ ಗುಣಿಸಿದರೆ ಆರು ಒಂದುಗಳ ವರ್ಗ ಅಲ್ಲದೆ ಇನ್ನೇನು ಬರಬೇಕು! ವಿಕಾರ ಅಂದಿರಲ್ಲ, ಅದೂ ಪೂರ್ಣ ವರ್ಗ, ಮುಖ ತೋರಿಸುವುದಿಲ್ಲ ಅಷ್ಟೇ.

ನನ್ನ ಅಭಿಪ್ರಾಯ ಹೇಳುವುದಾದರೆ, ಅವರು ಹಾರವನ್ನು ಮೊದಲು ಕಟ್ಟಿ ಆಮೇಲೆ ಬಿಚ್ಚಿದ್ದಾರೆ. ಚಂದದ ಉತ್ತರ ಮೊದಲು ಇಟ್ಟುಕೊಂಡು ಅದರ ಅಪವರ್ತನ ಹುಡುಕಿ, ಶಿಷ್ಯರಿಗೆ ವಿಕಾರವಾದ ಪ್ರಶ್ನೆ ಕೊಟ್ಟಿದ್ದಾರೆ. ಒಳ್ಳೆ ಮೇಷ್ಟ್ರುಗಳೆಲ್ಲ ಇದನ್ನೇ ಮಾಡುತ್ತಾರೆ.

ನಿವೃತ್ತ ಮೇಷ್ಟ್ರು

ಮಾಡಿದ್ದೇನೆ.

ಹೆಮ್ಮೆಯ ಕನ್ನಡಿಗ

ನೋಡಿ, ನಮ್ಮ ಹಿರಿಯರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ಕಂಪ್ಯೂಟರ್ ತಪ್ಪು ಮಾಡಿತು, ಮಹಾವೀರಾಚಾರ್ಯರು ಮಾಡಲಿಲ್ಲ.

ಕಾಗಿಣಾ ದಂಡಿ

ಹೆಮ್ಮೆ ನನಗೂ ಇದೆ, ಊರು ನಂದೇ. ಆದರೆ ಅದೇ ಗ್ರಂಥದಲ್ಲಿ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆ ಹಾಗೇ ಉಳಿಯುತ್ತದೆ ಅಂತ ಇದೆ. ಅದು ತಪ್ಪು. ಋಣ ಸಂಖ್ಯೆ ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತಲೂ ಇದೆ, ಅದು ಆ ಕಾಲಕ್ಕೆ ಬಹಳ ಖಚಿತವಾದ ಮಾತು. ಎರಡನ್ನೂ ಓದಬೇಕು. ಅವರನ್ನು ದೇವರು ಮಾಡಿಬಿಟ್ಟರೆ ಆಮೇಲೆ ಯಾರೂ ಪುಸ್ತಕ ತೆರೆಯುವುದಿಲ್ಲ.

ಜಾವಾ ಮಾವ

ಇನ್ನೊಬ್ಬರ ಹೆಸರೂ ಸೇರಿಸಬೇಕು. 6174 ಅನ್ನೋ ಸಂಖ್ಯೆಯ ವಿಶೇಷ ಗುಣ ಕಂಡುಹಿಡಿದ ಕಾಪ್ರೇಕರ್ ಗೊತ್ತಲ್ಲ, ನಾಶಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದವರು. 1, 121, 12321 ಈ ಸಾಲಿಗೆ ‘ಡೆಮ್ಲೋ ಸಂಖ್ಯೆಗಳು’ ಅಂತ ಹೆಸರಿಟ್ಟವರು ಅವರೇ. ಡೆಮ್ಲೋ ಅಂದರೆ ಯಾವುದೋ ಗಣಿತಜ್ಞ ಅಂದುಕೊಂಡಿದ್ದೆ. ಅಲ್ಲ, ಮುಂಬಯಿ ಹತ್ತಿರದ ರೈಲ್ವೆ ಸ್ಟೇಷನ್! ಈಗಿನ ಡೊಂಬಿವ್ಲಿ. ಅಲ್ಲಿದ್ದಾಗ ಈ ಸಂಖ್ಯೆಗಳು ಹೊಳೆದವಂತೆ. ನಮ್ಮ ಆರನೇ ಡೆಮ್ಲೋ ಇದು.

ಕೋಡುಬಳೆ

ರೈಲು ಲೇಟಾದರೆ ನಾನು ಬೋಂಡಾ ತಿನ್ನುತ್ತೇನೆ, ಅವರು ಸಂಖ್ಯೆ ಕಂಡುಹಿಡಿದರು.

ಒಂದು ಪ್ರಶ್ನೆ ಉಳಿದಿದೆ. 111111ರ ವರ್ಗ ಇಷ್ಟು ಚಂದ. 111111 ತಾನೇ ಯಾವುದರದಾದರೂ ವರ್ಗ ಆಗಬಹುದಿತ್ತಾ? ಅಥವಾ ಇನ್ನೂ ಉದ್ದದ ಒಂದುಗಳ ಸಾಲು?

ಶೂನ್ಯ ಸಂಪಾದಕಿ

ಎಂದಿಗೂ ಇಲ್ಲ, ಒಂಟಿ 1 ಬಿಟ್ಟರೆ. ಯಾವ ಪೂರ್ಣ ವರ್ಗವನ್ನಾದರೂ 4ರಿಂದ ಭಾಗಿಸಿ, ಶೇಷ 0 ಅಥವಾ 1 ಮಾತ್ರ ಬರುತ್ತದೆ. 11ರಲ್ಲಿ ಮುಗಿಯುವ ಸಂಖ್ಯೆಗೆ ಶೇಷ 3. ಕೋಟಿ ಒಂದುಗಳನ್ನು ಸಾಲಾಗಿ ಬರೆದರೂ ಅಷ್ಟೇ.

ಅವಿಭಾಜ್ಯ ಆಗಬಹುದಾ ಅಂದರೆ ಆಗಬಹುದು, ಆದರೆ ಅಪರೂಪ. 2 ಒಂದುಗಳ ಸಾಲು, 19 ಒಂದುಗಳದ್ದು, 23 ಒಂದುಗಳದ್ದು, ಅದಾದ ಮೇಲೆ ನೇರ 317, ಆಮೇಲೆ 1031. ಆರು ಒಂದಕ್ಕೆ ಆ ಅವಕಾಶವೇ ಇಲ್ಲ. ಆರನ್ನು ಎರಡೆರಡಾಗಿ ಕತ್ತರಿಸಬಹುದು, ಆಗ 11 ಕಾಣುತ್ತದೆ. ಮೂರುಮೂರಾಗಿ ಕತ್ತರಿಸಿದರೆ 111.

ಅಂಗಡಿ ಲೆಕ್ಕ

ಇಷ್ಟೆಲ್ಲಾ ಬರೆದದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಂಜೆ ಅವಳು ಮೊದಲು 12345654321 ÷ 441 ಒತ್ತಿದಳು, ಚಿಲ್ಲರೆ ಇಲ್ಲದೆ 27994681 ಬಂದದ್ದಕ್ಕೆ ಕುಣಿದಳು. 21 × 5291 ಒತ್ತಿದಳು, ಆರು ಒಂದು ಸಾಲಾಗಿ ನಿಂತವು. ಎದುರಿಗೆ ನಿಂತಿದ್ದ ಗಿರಾಕಿಗೂ ತೋರಿಸಿದಳು, ಅವರು ಸಕ್ಕರೆ ತೂಗಿ ಬೇಗ ಅಂದರು.

ಆಮೇಲೆ ಬೆರಳು ತಪ್ಪಿ 111111 × 1111 ಹಾಕಿಬಿಟ್ಟಳು. 123444321 ಬಂತು. ನಡುವೆ ಮೂರು ನಾಲ್ಕುಗಳು. ಇದ್ಯಾಕೆ ಮೆಟ್ಟಿಲಿನ ನಡುವೆ ಜಗಲಿ ಬಂತು ಅಂತ ಕೇಳುತ್ತಿದ್ದಾಳೆ.

ನಿವೃತ್ತ ಮೇಷ್ಟ್ರು

ಬಿಲ್ ಪುಸ್ತಕ ತಿರುಗಿಸಿ ಮತ್ತೆ ಗೆರೆ ಹಾಕಲು ಹೇಳಿ. ಈ ಸಲ ನಾಲ್ಕೇ ಸಾಲು. ಯಾವ ಕಂಬದಲ್ಲೂ ನಾಲ್ಕಕ್ಕಿಂತ ಹೆಚ್ಚು ಒಂದು ಸೇರಲು ಸಾಧ್ಯವಿಲ್ಲ. ನಾಲ್ಕೂ ಸಾಲು ಸೇರುವ ಕಂಬ ಎಷ್ಟಿವೆ ಅಂತ ಅವಳೇ ಎಣಿಸಲಿ.